ಎರಡು ಪಿಕಳಾರಗಳು



ಬೆಳಗ್ಗೆ ಅಂಗಳ ಗುಡಿಸುವಾಗ ಬೇಲಿಯಲ್ಲಿ ಜುಟ್ಟಿನ ಹಕ್ಕಿ ಕೂಗುತ್ತದೆ. ಅದೇ ಪಿಕಳಾರ. ಬುಲ್‌ಬುಲ್ ಅಂತಲೂ ಕರೀತಾರೆ. ನಮ್ಮ ರಾಜ್ಯದಲ್ಲಿ ಎರಡು ಬಗೆಯ ಪಿಕಳಾರ ಹೆಚ್ಚಾಗಿ ಕಾಣುತ್ತವೆ.

ಅಕ್ಷರ ಕಲಿಯುವಾಗ ‘ವ’ ಮತ್ತು ‘ಮ’ ಒಂದೇ ತರಹ ಕಾಣುತ್ತವೆ. ಕೊನೆಯ ಸುತ್ತು ನೋಡಿ ನಾವು ಗುರುತಿಸುತ್ತೇವೆ. ಹಕ್ಕಿಯನ್ನೂ ಹಾಗೇ ಗುರುತಿಸೋಣ.

1. ಕೆಮ್ಮೀಸೆ ಪಿಕಳಾರ

ಕೆಂಪು ಮೀಸೆಯೇ ಕೆಮ್ಮೀಸೆ. ಇದರ ಜುಟ್ಟು ಕಪ್ಪು, ಉದ್ದ, ಚೂಪು. ಕಣ್ಣಿನ ಹಿಂದೆ ಕೆಂಪು ಮಚ್ಚೆ. ಅದರ ಕೆಳಗೆ ಬಿಳಿ ಕೆನ್ನೆ. ಬೆನ್ನು ಕಂದು, ಹೊಟ್ಟೆ ಬಿಳಿ. ಮಲೆನಾಡಿನಲ್ಲಿ, ಕಾಫಿ ತೋಟಗಳಲ್ಲಿ, ಮರಗಿಡ ತುಂಬಿದ ಊರುಗಳಲ್ಲಿ ಇದು ಹೆಚ್ಚು.

2. ಕೆಂಪು ಕಿಬ್ಬೊಟ್ಟೆಯ ಪಿಕಳಾರ

ಇದರ ತಲೆ ಕಪ್ಪು, ಜುಟ್ಟು ಮೊಂಡು. ಕೆನ್ನೆಯಲ್ಲಿ ಕೆಂಪೂ ಇಲ್ಲ, ಬಿಳಿಯೂ ಇಲ್ಲ. ಮೈ ಕಂದು. ಹಾರುವಾಗ ಬಾಲದ ಬುಡದಲ್ಲಿ ಬಿಳಿ ಬಣ್ಣ ಕಾಣುತ್ತೆ. ಬಯಲುಸೀಮೆಯ ಕುರುಚಲು ಗಿಡಗಳಲ್ಲಿ, ಹೊಲದ ಬೇಲಿಗಳಲ್ಲಿ ಇದು ಹೆಚ್ಚು. ಬೆಂಗಳೂರಿನಂಥ ಕಡೆ ಎರಡೂ ಇವೆ.

ಎಚ್ಚರ! ಎರಡಕ್ಕೂ ಬಾಲದ ಕೆಳಗೆ ಕೆಂಪು ಇದೆ. ಅದೊಂದನ್ನೇ ನೋಡಬೇಡಿ. ಕೆಮ್ಮೀಸೆಯ ಮರಿಗೆ ಮೀಸೆ ಇರೋದಿಲ್ಲ. ಆಗ ಬಿಳಿ ಹೊಟ್ಟೆ ನೋಡಿ ತಿಳಿಯಿರಿ.

ಇವುಗಳಿಂದ ಏನು ಉಪಯೋಗ?

ಇವು ಹಿತ್ತಲಿನ ಹಣ್ಣು ಕುಕ್ಕುತ್ತವೆ. ನಮಗೆ ಬೇಸರವಾಗುತ್ತೆ, ನಿಜ. ಆದರೆ ಇವು ಹುಳುಗಳನ್ನೂ ತಿನ್ನುತ್ತವೆ. ಮರಿಗಳಿಗೂ ಹುಳು ತಿನ್ನಿಸುತ್ತವೆ. ಶ್ರೀಗಂಧದ ಹಣ್ಣು ತಿಂದು ಬೀಜವನ್ನು ದೂರ ಹರಡುತ್ತವೆ. ಯಾರೂ ನೆಡದ ಕಡೆ ಗಂಧದ ಸಸಿ ಏಳುವುದು ಹೀಗೆ.

ನಾವೇನು ಮಾಡಬೇಕು?

ಪಿಕಳಾರ ತಗ್ಗಿನ ಗಿಡದಲ್ಲೇ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಎರಡು ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆಯಲು ಸುಮಾರು ಎರಡು ವಾರ ಬೇಕು. ಮರಿ ಗೂಡು ಬಿಡಲು ಇನ್ನೆರಡು ವಾರ ಬೇಕು. ಗೂಡಿದ್ದರೆ ಆ ಒಂದು ತಿಂಗಳು ಬೇಲಿ ಸವರಬೇಡಿ. ಔಷಧಿ ಹೊಡೆಯಬೇಡಿ.

ಗೂಡು ಬಿಟ್ಟ ಮರಿಗೆ ಮೊದಲು ಸರಿಯಾಗಿ ಹಾರಲು ಬರುವುದಿಲ್ಲ. ತಾಯಿ ಬಿಟ್ಟುಹೋಯಿತು ಅಂತ ಮನೆಗೆ ತರಬೇಡಿ. ತಂದೆ ತಾಯಿ ಹತ್ತಿರದಲ್ಲೇ ಇದ್ದು ಗುಟುಕು ಕೊಡುತ್ತವೆ. ಬೆಕ್ಕು ಬಂದರೆ ಓಡಿಸಿ. ಮರಿ ನೆಲದಲ್ಲಿದ್ದರೆ ಗಿಡದ ಮೇಲೆ ಕೂರಿಸಿ. ಅಷ್ಟು ಸಾಕು.

ಪಿಕಳಾರವನ್ನು ಹಿಡಿದು ಪಂಜರದಲ್ಲಿ ಇಡುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೀಗೆ ಹೇಳುತ್ತದೆ. ಮಕ್ಕಳಿಗೂ ಇದನ್ನು ಹೇಳೋಣ.

ಉತ್ತರ ಹೇಳಿ

1. ಚೂಪು ಜುಟ್ಟು ಯಾವ ಪಿಕಳಾರಕ್ಕೆ ಇದೆ?
2. ಕೆಮ್ಮೀಸೆಯ ಮರಿಯನ್ನು ಹೇಗೆ ಗುರುತಿಸುವಿರಿ?
3. ನಿಮ್ಮ ಮನೆಯ ಹತ್ತಿರ ಯಾವುದು ಬರುತ್ತದೆ? ನೋಡಿ, ಅದರ ಹೆಸರು ಬರೆಯಿರಿ.