ಕಣ್ಣಿಗೆ ಬೀಳುವ ಚೀಟಿ

ಆವನಿಯಲ್ಲಿ ನಮ್ಮ ಪಾಠಕ್ಕೆ ಬರುವ ಒಬ್ಬ ಅಕ್ಕ ಎರಡು ಸೀಮೆ ಹಸು ಸಾಕಿದ್ದಾರೆ. ಕಾಲುಬಾಯಿ ಜ್ವರದ ಲಸಿಕೆ ಹಾಕುವ ದಿನವನ್ನು ತಾವೇ ಪುಸ್ತಕದಲ್ಲಿ ಬರೆದುಕೊಂಡರು. ಪುಸ್ತಕ ಟ್ರಂಕಿಗೆ ಹೋಯಿತು. ಆ ದಿನ ಅಕ್ಕ ಮುಳಬಾಗಿಲಿಗೆ ಹೋಗಿಬಿಟ್ಟರು. ಲಸಿಕೆ ತಪ್ಪಿತು. ಆಮೇಲೆ ಒಂದು ಹಸುವಿಗೆ ಜ್ವರ ಬಂತು. ಬಾಯಲ್ಲಿ ಹುಣ್ಣು, ಗೊರಸಲ್ಲಿ ಹುಣ್ಣು. ಡೈರಿಗೆ ಹಾಕಲು ಹಾಲೇ ಇಲ್ಲ.

“ಬರೆದಿದ್ದೆನಲ್ಲಾ ಟೀಚರಮ್ಮ!” ಅಂದರು. ಬರೆದದ್ದು ನಿಜ. ಆದರೆ ಟ್ರಂಕಿನೊಳಗಿನ ಅಕ್ಷರ ಕಣ್ಣಿಗೆ ಬೀಳಬೇಕಲ್ಲ?

ಅಕ್ಕನ ಮಗಳ ಹತ್ತಿರ ಕಂಪ್ಯೂಟರ್ ಇದೆ. ನಾವೂ ಹೋಗಿ ಕೂತೆವು. ಆನ್ ಮಾಡಿದ ಕೂಡಲೇ ಕಾಣುವ ಪರದೆಗೆ ಡೆಸ್ಕ್‌ಟಾಪ್ ಅಂತಾರೆ. ಅದು ಮನೆಯ ಎದುರು ಗೋಡೆ ಇದ್ದ ಹಾಗೆ. ಗೋಡೆಗೆ ಕ್ಯಾಲೆಂಡರ್ ತೂಗುಹಾಕ್ತೀವಿ. ಪರದೆಗೆ ಚೀಟಿ ಅಂಟಿಸಬಹುದು. ಮಗಳು ‘ಸ್ಟಿಕಿ ನೋಟ್ಸ್’ ತೆರೆದಳು. ಹಳದಿ ಚೀಟಿ ಬಂತು. ಕನ್ನಡದಲ್ಲೇ ಬರೆದಳು:

ಹಸುವಿಗೆ ಲಸಿಕೆ.
ಸಂಘದ ಕಂತು.
ರೇಷನ್.

ಅಂಚು ಹಿಡಿದು ಎಳೆದರೆ ಚೀಟಿ ದೊಡ್ಡದಾಗುತ್ತೆ. ಬಣ್ಣವೂ ಬದಲಾಗುತ್ತೆ. ಅಕ್ಕ ಹಸಿರೇ ಬೇಕೆಂದರು! ಮುಗಿದ ಕೆಲಸದ ಮೇಲೆ ಗೆರೆ ಎಳೆಯಬಹುದು.

ಮೊಬೈಲಿನಲ್ಲೂ ಆಗುತ್ತೆ. ಪರದೆಯ ಖಾಲಿ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ‘ವಿಜೆಟ್’ ಅಂತ ಬರುತ್ತೆ. ಮುಟ್ಟಿ. ಟಿಪ್ಪಣಿ ಬರೆಯುವ ಆಪ್ ಆರಿಸಿ. ಚೀಟಿ ಪರದೆಯ ಮೇಲೇ ಕೂರುತ್ತೆ. ಎರಡೂ ಇಲ್ಲವೇ? ಒಲೆ ಪಕ್ಕದ ಗೋಡೆ, ಒಂದು ಸೀಮೆಸುಣ್ಣ ಸಾಕು. ಅದಕ್ಕೆ ಕರೆಂಟೂ ಬೇಡ.

ಈ ಲಸಿಕೆಯನ್ನು 6 ತಿಂಗಳಿಗೊಮ್ಮೆ ಹಾಕಿಸಬೇಕು. ಮುಂದಿನ ತಿಂಗಳು ಯಾವುದೆಂದು ಅಕ್ಕ ಪಶು ಆಸ್ಪತ್ರೆಯಲ್ಲಿ ಕೇಳಿ ಬಂದರು. ಹಸಿರು ಚೀಟಿಯಲ್ಲಿ ‘ಸೆಪ್ಟೆಂಬರ್’ ಎಂದು ತಾವೇ ಬರೆದರು. ಟ ಒತ್ತು ಬಿಟ್ಟುಹೋಗಿತ್ತು. ಅಳಿಸಿ ಮತ್ತೆ ಬರೆದರು.