ಗುಣ ಕೆಟ್ಟಿತು ಅನ್ನುವ ಮೊದಲು

ಪ್ರೀತಿಯ ಮಗಳೇ,

ನಿನ್ನ ಪತ್ರ ಓದಿದೆ. ಪುಸ್ತಕ ಹಿಡಿದರೆ ಮನಸ್ಸು ನಿಲ್ಲುವುದಿಲ್ಲ, ಫೋನ್ ಕೆಳಗಿಡಲು ಆಗುವುದಿಲ್ಲ, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುವುದಿಲ್ಲ ಎಂದೆಲ್ಲ ಬರೆದು, ಕೊನೆಗೆ ‘ನನ್ನ ಮೆದುಳಿನಲ್ಲಿ ಡೋಪಮೈನ್ ಕೆಟ್ಟಿದೆ ದೊಡ್ಡಪ್ಪಾ’ ಎಂದು ನೀನೇ ತೀರ್ಮಾನ ಮಾಡಿಬಿಟ್ಟಿದ್ದೀಯ. ಮನೆಯಲ್ಲಿ ಎಲ್ಲರೂ ನಿನ್ನನ್ನು ಸೋಮಾರಿ ಅನ್ನುತ್ತಾರೆ ಎಂಬ ನೋವೂ ಅದೇ ಪತ್ರದಲ್ಲಿದೆ. ಮೆಡಿಕಲ್ ಕಾಲೇಜಿನಲ್ಲಿ ಫಾರ್ಮಕಾಲಜಿ ಪಾಠ ಮಾಡುತ್ತಲೇ ತಲೆ ನರೆತವನು ನಾನು. ಈ ಎರಡು ತೀರ್ಪುಗಳಲ್ಲಿ ಒಂದನ್ನೂ ನಾನು ಒಪ್ಪುವುದಿಲ್ಲ. ನಿನ್ನ ವಯಸ್ಸಿನ ಬಹಳ ಮಕ್ಕಳಿಗೆ ಇದೇ ಸಂಕಟ ಇರುವುದರಿಂದ, ಎಲ್ಲರೂ ಓದಲಿ ಎಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳುತ್ತೇನೆ. ಮೆದುಳಿನ ರಾಸಾಯನಿಕಗಳು ನಮ್ಮ ನಡವಳಿಕೆಯನ್ನು ನಾವು ಎಣಿಸಿದ್ದಕ್ಕಿಂತ ಆಳವಾಗಿ ಹಿಡಿದಿವೆ. ಆದ್ದರಿಂದ ಯಾರ ನಡತೆಯ ಮೇಲೂ ಅವಸರದ ತೀರ್ಪು ಬೇಡ. ಅದೇ ಮೆದುಳು ನಾವು ದಿನವೂ ಮಾಡುವುದಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತಲೂ ಇರುತ್ತದೆ. ಆದ್ದರಿಂದ ಕೈಚೆಲ್ಲಿ ಕೂರುವುದೂ ಬೇಡ.

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಬಹುಪಾಲು ರಾಸಾಯನಿಕಗಳ ಮೂಲಕ. ಇದನ್ನು ಮೊದಲು ತೋರಿಸಿಕೊಟ್ಟವರು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಒಟ್ಟೊ ಲೋವಿ. 1921ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಬಹಳ ಸರಳವಾದದ್ದು. ಮಿಡಿಯುತ್ತಿದ್ದ ಕಪ್ಪೆಯ ಹೃದಯದ ನರವೊಂದನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನ ಮಾಡಿದರು. ಆ ಹೃದಯವಿದ್ದ ದ್ರವವನ್ನು ತೆಗೆದು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದಾಗ ಅದರ ಬಡಿತವೂ ನಿಧಾನವಾಯಿತು. ನರದಿಂದ ಹೊರಬಂದ ಯಾವುದೋ ವಸ್ತು ದ್ರವದಲ್ಲಿತ್ತು. ಅದೇ ಅಸಿಟೈಲ್‌ಕೊಲಿನ್. ಇಂಥ ವಸ್ತುಗಳನ್ನು ನರವಾಹಕ ಎನ್ನುತ್ತೇವೆ. ಅವು ಬಂದು ಅಂಟಿಕೊಳ್ಳುವ, ಜೀವಕೋಶದ ಮೇಲಿರುವ ಪ್ರೋಟೀನು ಗ್ರಾಹಕ, ಅಂದರೆ ರಿಸೆಪ್ಟರ್.

ಪಾಠದಲ್ಲಿ ನಾನು ಯಾವಾಗಲೂ ಒತ್ತಿ ಹೇಳುತ್ತಿದ್ದ ವಿಷಯವೊಂದಿದೆ. ಹೃದಯದ ಬಡಿತವನ್ನು ತಗ್ಗಿಸುವ ಇದೇ ಅಸಿಟೈಲ್‌ಕೊಲಿನ್ ಕೈಕಾಲಿನ ಸ್ನಾಯುವನ್ನು ಬಿಗಿಗೊಳಿಸುತ್ತದೆ. ವಸ್ತು ಒಂದೇ ಆದರೂ ಎರಡು ಕಡೆ ಇರುವ ಗ್ರಾಹಕಗಳು ಬೇರೆ. ಡೋಪಮೈನ್ ಎಂಬ ನರವಾಹಕವೂ ಹಾಗೆಯೇ. ಅದಕ್ಕೆ ಐದು ಬಗೆಯ ಗ್ರಾಹಕಗಳಿವೆ. ಮೆದುಳಿನ ಒಂದು ದಾರಿಯಲ್ಲಿ ಅದು ಕೈಕಾಲಿನ ಚಲನೆಯನ್ನು ಸರಾಗಗೊಳಿಸುತ್ತದೆ, ಇನ್ನೊಂದರಲ್ಲಿ ಬೇಕು ಎನ್ನುವ ಹಂಬಲವನ್ನು ಹುಟ್ಟಿಸುತ್ತದೆ, ಪಿಟ್ಯುಟರಿ ಗ್ರಂಥಿಯಲ್ಲಿ ಎದೆಹಾಲಿನ ಹಾರ್ಮೋನನ್ನು ಹತೋಟಿಯಲ್ಲಿಡುತ್ತದೆ. ಇಷ್ಟೆಲ್ಲ ಕೆಲಸ ಮಾಡುವ ವಸ್ತುವಿಗೆ ‘ಸುಖದ ರಾಸಾಯನಿಕ’ ಎಂದು ಒಂದೇ ಹಣೆಪಟ್ಟಿ ಅಂಟಿಸಿ, ಅದು ನನ್ನಲ್ಲಿ ಕೆಟ್ಟಿದೆ ಎಂದು ಹೇಳುವುದಕ್ಕೆ ಅರ್ಥವಿಲ್ಲ. ರಕ್ತ ಪರೀಕ್ಷೆ ಮಾಡಿಸಿ ತಿಳಿಯೋಣವೆಂದರೆ, ರಕ್ತದಲ್ಲಿರುವ ಡೋಪಮೈನ್ ಮೆದುಳಿನ ಸ್ಥಿತಿಯನ್ನು ಹೇಳುವುದೂ ಇಲ್ಲ.

ಫೋನಿನಂಥ ಸೆಳೆತಗಳನ್ನು ಬಿಟ್ಟು ಡೋಪಮೈನನ್ನು ತೊಳೆದುಕೊಳ್ಳಬಹುದು ಎನ್ನುವ, ನೀನು ಕೇಳಿದ ‘ಡೋಪಮೈನ್ ಡಿಟಾಕ್ಸ್’ ವಿಷಯಕ್ಕೆ ಬರುತ್ತೇನೆ. ಡೋಪಮೈನ್ ನಿಜವಾಗಿ ಬರಿದಾದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತಿದೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ 1952ರಲ್ಲಿ ರೆಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಮೆದುಳಿನಲ್ಲಿ ಡೋಪಮೈನ್ ಮೊದಲಾದ ನರವಾಹಕಗಳನ್ನು ಬರಿದುಮಾಡುತ್ತದೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋತುಬಿಟ್ಟು, ಅಲುಗಾಡದೆ ಬಿದ್ದುಕೊಂಡವು. ಸೆರೊಟೊನಿನ್ ಎಂಬ ಇನ್ನೊಂದು ನರವಾಹಕವಾಗಿ ಮಾರ್ಪಡುವ ವಸ್ತುವನ್ನು ಚುಚ್ಚಿದರೆ ಪ್ರಯೋಜನವಾಗಲಿಲ್ಲ. ಡೋಪಮೈನ್ ಆಗಿ ಮಾರ್ಪಡುವ ಡೋಪಾ ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ಇದು 1957ರ ಮಾತು. 1960ರಲ್ಲಿ ವಿಯೆನ್ನಾದ ಒಲೆ ಹೊರ್ನಿಕಿವಿಚ್ ಮತ್ತು ಸಂಗಡಿಗರು, ಪಾರ್ಕಿನ್ಸನ್ ರೋಗದಿಂದ ತೀರಿಕೊಂಡವರ ಮೆದುಳಿನಲ್ಲಿ ಡೋಪಮೈನ್ ತೀರ ಕಡಿಮೆಯಾಗಿರುವುದನ್ನು ಕಂಡುಕೊಂಡರು. ಪಾರ್ಕಿನ್ಸನ್ ರೋಗಿಗಳಿಗೆ ಇಂದಿಗೂ ಕೊಡುವ ಲೆವೊಡೋಪಾ ಮಾತ್ರೆ ಬಂದದ್ದು ಈ ದಾರಿಯಲ್ಲಿ. ಕಾರ್ಲ್‌ಸನ್ನರಿಗೆ 2000ನೇ ಇಸವಿಯಲ್ಲಿ ನೊಬೆಲ್ ಸಿಕ್ಕಿತು. ಡೋಪಮೈನ್ ಬರಿದಾದರೆ ಮೈ ಅಲುಗಾಡುವುದೇ ಕಷ್ಟ. ಹಾಗಾಗಿ ಒಂದು ದಿನ ಫೋನ್ ಮುಟ್ಟದೆ ಇರುವುದು ಒಳ್ಳೆಯ ಅಭ್ಯಾಸವೇ ಸರಿ, ಅವಶ್ಯ ಮಾಡು. ಅದರಿಂದ ಡೋಪಮೈನ್ ತೊಳೆದುಹೋಗುತ್ತದೆ ಎಂದು ಮಾತ್ರ ನಂಬಬೇಡ. ತೊಳೆದುಹೋಗಬೇಕಾದ ಕೊಳೆ ಅದಲ್ಲ.

ಮನುಷ್ಯರ ನಡತೆಯ ಬಗ್ಗೆ ನನ್ನ ಎಣಿಕೆಯನ್ನೇ ಬದಲಿಸಿದ ವಿಷಯ ಇದೇ ಪಾರ್ಕಿನ್ಸನ್ ರೋಗದ ಚಿಕಿತ್ಸೆಯಲ್ಲಿದೆ. ಡೋಪಮೈನ್ ಗ್ರಾಹಕಗಳನ್ನು ನೇರವಾಗಿ ಪ್ರಚೋದಿಸುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳಿವೆ. ಅವು ಮೂರನೆಯ ಬಗೆಯ ಗ್ರಾಹಕಕ್ಕೆ, ಡಿ3ಗೆ, ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಈ ಡಿ3 ಹೆಚ್ಚಾಗಿರುವುದು ಹಂಬಲ, ಬಹುಮಾನಗಳಿಗೆ ಸಂಬಂಧಿಸಿದ ಮೆದುಳಿನ ಭಾಗದಲ್ಲಿ. ಮಾತ್ರೆ ಶುರುವಾದ ಮೇಲೆ ರೋಗಿಯ ನಡುಕ, ಬಿಗಿತ ತಗ್ಗುತ್ತವೆ. ಕೆಲವರಲ್ಲಿ ಜೊತೆಗೆ ಇನ್ನೊಂದು ಶುರುವಾಗುತ್ತದೆ. ಜೀವಮಾನವಿಡೀ ಇಸ್ಪೀಟು ಮುಟ್ಟದವರು ಜೂಜಿಗೆ ಬೀಳುತ್ತಾರೆ. ಪೈಸೆ ಪೈಸೆ ಎಣಿಸಿ ಸಂಸಾರ ಮಾಡಿದವರು ಬೇಕು ಬೇಡದ್ದನ್ನೆಲ್ಲ ಕೊಳ್ಳುತ್ತಾರೆ. ರಾತ್ರಿ ಎದ್ದು ಮಿತಿಯಿಲ್ಲದೆ ತಿನ್ನುವವರಿದ್ದಾರೆ, ಕಾಮದ ಹಂಬಲ ಹತೋಟಿ ತಪ್ಪುವವರೂ ಇದ್ದಾರೆ. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಶೇ 17.1 ಮಂದಿಗೆ ಇಂಥ ತೊಂದರೆ ಕಂಡುಬಂತು. ತೆಗೆದುಕೊಳ್ಳದವರಲ್ಲಿ ಅದು ಶೇ 6.9 ಇತ್ತು.

ಮನೆಯವರಿಗೆ ಇದು ಹೇಗೆ ಕಂಡೀತು, ಯೋಚಿಸು. ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು, ಮಾನ ಹರಾಜಾಯಿತು ಎನ್ನುತ್ತಾರೆ. ರೋಗಿಗೂ ಇದು ಮಾತ್ರೆಯ ಪರಿಣಾಮವೆಂದು ಹೊಳೆಯುವುದಿಲ್ಲ. ನಾಚಿಕೆಯಿಂದ ಮುಚ್ಚಿಡುತ್ತಾರೆ. ವೈದ್ಯರು ತಾವಾಗಿ ಕೇಳಿದರೆ ಮಾತ್ರ ಹೊರಬರುತ್ತದೆ. ಅವರ ನಿಗಾದಲ್ಲಿ ಮಾತ್ರೆಯ ಪ್ರಮಾಣವನ್ನು ಕ್ರಮೇಣ ತಗ್ಗಿಸಿದಾಗ ಬಹುಪಾಲು ಮಂದಿಯಲ್ಲಿ ಆ ಹಂಬಲವೂ ಇಳಿಯುತ್ತದೆ. ಒಂದು ಬಗೆಯ ಗ್ರಾಹಕದ ಮೇಲಿನ ಒತ್ತಡ ಹೆಚ್ಚಿದಾಗ ಬಂದದ್ದು, ಒತ್ತಡ ಕಡಿಮೆಯಾದಾಗ ಹೋಯಿತು. ಇದನ್ನು ತಿಳಿದ ಮೇಲೂ ಇನ್ನೊಬ್ಬರ ಗುಣದ ಬಗ್ಗೆ ಸಲೀಸಾಗಿ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ.

ಆದರೆ ಅದೇ ಅಂಕಿಯ ಇನ್ನೊಂದು ಮಗ್ಗುಲನ್ನೂ ನೋಡು. ಅದೇ ಬಗೆಯ ಮಾತ್ರೆ ನುಂಗಿದ 100 ಜನರಲ್ಲಿ 80ಕ್ಕಿಂತ ಹೆಚ್ಚು ಮಂದಿಗೆ ಹೀಗಾಗಲಿಲ್ಲ. ವಯಸ್ಸು, ಸಂಸಾರ ಇದೆಯೋ ಇಲ್ಲವೋ ಎಂಬುದು, ಧೂಮಪಾನ, ಮನೆತನದಲ್ಲಿ ಜೂಜಿನ ಚಟ, ಇವೆಲ್ಲವೂ ತೊಂದರೆಯೊಂದಿಗೆ ತಳುಕು ಹಾಕಿಕೊಂಡಿದ್ದವು. ರಾಸಾಯನಿಕ ನಮ್ಮನ್ನು ಒಂದು ಕಡೆಗೆ ಬಲವಾಗಿ ಎಳೆಯುತ್ತದೆ. ನಾವು ಬದುಕುವ ರೀತಿ, ಸುತ್ತಲಿನ ಜನ, ಹುಟ್ಟಿನಿಂದ ಬಂದದ್ದು, ಇವೂ ಎಳೆಯುತ್ತವೆ. ‘ಡೋಪಮೈನ್ ಹೀಗಿದೆ, ನಾನೇನು ಮಾಡಲಿ’ ಎಂದು ಕೂರಲು ಅಲ್ಲಿ ಜಾಗವಿಲ್ಲ.

ಈಗ ನಿನ್ನ ನಿದ್ದೆಯ ವಿಷಯ. ಸಂಜೆ ಕ್ಯಾಂಟೀನಿನಲ್ಲಿ ಕಾಫಿ, ಓದಲು ಕೂರುವ ಮುಂಚೆ ಮತ್ತೆ ಸ್ಟ್ರಾಂಗ್ ಕಾಫಿ ಎಂದು ಬರೆದಿದ್ದೀಯ. ನಾವು ಎಚ್ಚರವಿರುವಷ್ಟು ಹೊತ್ತು ಮೆದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಶೇಖರವಾಗುತ್ತ ಹೋಗುತ್ತದೆ. ಅದು ತನ್ನ ಗ್ರಾಹಕಕ್ಕೆ ಅಂಟಿದಂತೆಲ್ಲ ಕಣ್ಣು ಎಳೆಯುತ್ತದೆ. ಕಾಫಿಯ ಕೆಫೀನ್ ಅದೇ ಗ್ರಾಹಕದಲ್ಲಿ ಹೋಗಿ ಕೂರುತ್ತದೆ, ಆದರೆ ಅದನ್ನು ಚಾಲೂ ಮಾಡುವುದಿಲ್ಲ. ಬೀಗದೊಳಗೆ ಹೊಕ್ಕು ತಿರುಗದೆ ನಿಂತ ಕೀಲಿಕೈಯಂತೆ, ಸರಿಯಾದ ಕೀಲಿಗೂ ಜಾಗ ಕೊಡುವುದಿಲ್ಲ. ದಣಿವು ಹೋಗಿರುವುದಿಲ್ಲ, ಅದರ ಸುದ್ದಿ ಮಾತ್ರ ನಿನಗೆ ಮುಟ್ಟಿರುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಎಂಟು ಗಂಟೆಗೆ ಕುಡಿದ ಕಾಫಿಯ ಅರ್ಧ ಕೆಫೀನು ಮಧ್ಯರಾತ್ರಿ ಒಂದಕ್ಕೂ ನಿನ್ನಲ್ಲಿರುತ್ತದೆ. ದಿನವೂ ಹೀಗೇ ನಡೆದರೆ ಮೆದುಳು ಅದಕ್ಕೆ ಹೊಂದಿಕೊಳ್ಳುತ್ತದೆ, ಮೊದಲಿನ ಚುರುಕಿಗೆ ಹೆಚ್ಚು ಕಾಫಿ ಬೇಕಾಗುತ್ತದೆ. ಒಮ್ಮೆಲೇ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು, ಸಿಡುಕು ಶುರುವಾಗುತ್ತವೆ. ಎರಡರಿಂದ ಒಂಬತ್ತು ದಿನಗಳಲ್ಲಿ ತಾನೇ ಕಡಿಮೆಯಾಗುತ್ತವೆ. ಆ ದಿನಗಳ ಸಿಡುಕನ್ನು ನೋಡಿ ಮನೆಯವರು ‘ಹುಡುಗಿಗೆ ಕೊಬ್ಬು’ ಅಂದರೆ ಅದು ಅನ್ಯಾಯವಲ್ಲವೇ?

ಫೋನಿನ ಸೆಳೆತಕ್ಕೂ ಒಂದು ಮಾತು. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೆದುಳಿನ ಡೋಪಮೈನ್ ಕೋಶಗಳನ್ನು ಗಮನಿಸಿದಾಗ, ನಿರೀಕ್ಷೆಯಿಲ್ಲದೆ ಹಣ್ಣಿನ ರಸ ಸಿಕ್ಕರೆ ಅವು ಜೋರಾಗಿ ಮಿಡಿದವು. ರಸ ಬರುವ ಮುಂಚೆ ದೀಪ ಬೆಳಗುವುದು ರೂಢಿಯಾದ ಮೇಲೆ, ಮಿಡಿತ ರಸಕ್ಕೆ ಬದಲು ದೀಪಕ್ಕೆ ಬಂತು. ದೀಪ ಬೆಳಗಿಯೂ ರಸ ಬರದಿದ್ದಾಗ ಮಿಡಿತ ಕುಸಿಯಿತು. ಈ ಕೋಶಗಳು ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನು ಲೆಕ್ಕ ಹಾಕುತ್ತವೆ. ಯಾವಾಗ ಏನು ಬರುತ್ತದೋ ಗೊತ್ತಿಲ್ಲದ ಫೋನಿನ ಪರದೆ ಈ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿದೆ. ಅದಕ್ಕೆ ಛಲದಿಂದ ಕೈಕಟ್ಟಿ ಕೂರುವುದಕ್ಕಿಂತ, ಓದುವ ಹೊತ್ತಿನಲ್ಲಿ ಫೋನನ್ನು ಪಕ್ಕದ ರೂಮಿನಲ್ಲಿಟ್ಟು ಬರುವುದು ಮೇಲು.

ನಿನ್ನ ವಯಸ್ಸಿಗೆ ದೂರವೆನಿಸಿದರೂ ಇನ್ನೆರಡು ಸಂಗತಿ ತಿಳಿದಿರು. ವರ್ಷಗಟ್ಟಲೆ ಕುಡಿದವರ ಮೆದುಳು ಮದ್ಯಕ್ಕೆ ತಕ್ಕಂತೆ ಹೊಂದಿಕೊಂಡಿರುತ್ತದೆ. ಶಾಂತಗೊಳಿಸುವ ಗಾಬಾ ವ್ಯವಸ್ಥೆ ಮಂದವಾಗಿ, ಉದ್ರೇಕಿಸುವ ಗ್ಲುಟಮೇಟ್ ವ್ಯವಸ್ಥೆ ಬಲಿತಿರುತ್ತದೆ. ದೇವರ ಮುಂದೆ ಆಣೆ ಹಾಕಿಸಿ ದಿಢೀರನೆ ಬಿಡಿಸಿದರೆ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾದೀತು. ಅಂಥವರಿಗೆ ಬಿಡಿಸಬೇಕಾದದ್ದು ಆಸ್ಪತ್ರೆಯಲ್ಲಿ. ಇನ್ನು ಖಿನ್ನತೆಯ ಮಾತ್ರೆ. ಅದು ಸೆರೊಟೊನಿನ್ ಪ್ರಮಾಣವನ್ನು ಕೆಲವೇ ಗಂಟೆಗಳಲ್ಲಿ ಏರಿಸಿದರೂ ಮನಸ್ಸು ತಿಳಿಯಾಗಲು ವಾರಗಳು ಬೇಕು. ಗ್ರಾಹಕಗಳು ಹೊಸ ಸ್ಥಿತಿಗೆ ಒಗ್ಗಲು ಅಷ್ಟು ಕಾಲ ಹಿಡಿಯುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. ಸೆರೊಟೊನಿನ್ ಕೊರತೆಯೊಂದೇ ಖಿನ್ನತೆಗೆ ಕಾರಣ ಎನ್ನಲು ಗಟ್ಟಿ ಆಧಾರವಿಲ್ಲ. ಆದರೂ ಮಾತ್ರೆ ಅನೇಕರಿಗೆ ನೆರವಾಗುತ್ತದೆ. ವಾರ ನುಂಗಿ ಗುಣ ಕಾಣಲಿಲ್ಲವೆಂದೋ, ತಿಂಗಳು ನುಂಗಿ ಗುಣವಾಯಿತೆಂದೋ ಯಾರಾದರೂ ತಾವಾಗಿ ನಿಲ್ಲಿಸಹೊರಟರೆ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ ಎಂದು ಹೇಳು.

ನಿನಗೆ ನನ್ನ ಸಲಹೆ ಇಷ್ಟೇ. ಮಧ್ಯಾಹ್ನದ ಮೇಲಿನ ಕಾಫಿಯನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತ ಬಿಡು. ಮಲಗುವ, ಏಳುವ ಹೊತ್ತನ್ನು ಗೊತ್ತುಮಾಡಿಕೋ. ದಿನವೂ ಬೆವರು ಬರುವಷ್ಟು ನಡೆ. ಇವು ಒಂದೆರಡು ದಿನದಲ್ಲಿ ಫಲ ಕೊಡುವುದಿಲ್ಲ, ಬೇಸರಪಡಬೇಡ. ಹೀಗೆ ಮಾಡಿಯೂ ಎರಡು ವಾರ ದಾಟಿ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ಮನೋವೈದ್ಯರನ್ನು ನೋಡು. ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಮನೆಯವರಿಗೂ ಈ ಪತ್ರ ಓದಲು ಕೊಡು. ಮಕ್ಕಳ ನಡತೆ ಇದ್ದಕ್ಕಿದ್ದಂತೆ ಬದಲಾದರೆ ಬೈಯುವ ಮೊದಲು ಅವರು ಸರಿಯಾಗಿ ಮಲಗಿದರೋ, ಏನು ಕುಡಿದರೋ, ಯಾವ ಮಾತ್ರೆ ನುಂಗುತ್ತಿದ್ದಾರೋ ವಿಚಾರಿಸಲಿ. ನೀನೂ ಹಿರಿಯರ ವಿಷಯದಲ್ಲಿ ಹಾಗೆಯೇ ನಡೆದುಕೋ.

ಇತಿ,
ನಿನ್ನ ದೊಡ್ಡಪ್ಪ