ವಿಕ್ಟೋರಿಯಾ ಡಾಕಿನ ಬೆಂಕಿ

ಪ್ರತಿ ವರ್ಷ ಏಪ್ರಿಲ್ 14ರಂದು ದೇಶದ ಅಗ್ನಿಶಾಮಕ ಕೇಂದ್ರಗಳಲ್ಲಿ ಮಡಿದವರ ಸ್ಮರಣೆ ನಡೆಯುತ್ತದೆ. ಅಗ್ನಿಶಾಮಕ ಸಪ್ತಾಹ ಆರಂಭವಾಗುವುದೂ ಅಂದಿನಿಂದಲೇ. ಅಂಬೇಡ್ಕರ್ ಜಯಂತಿಯೂ ಅಂದೇ ಬರುವುದರಿಂದ ಬಹಳ ಮಂದಿಗೆ ಇದು ತಿಳಿಯದೆಯೇ ಹೋಗುತ್ತದೆ. ಆದರೆ ಆ ಸ್ಮರಣೆಗೆ ಕಾರಣವಾದ ಸಂಗತಿ ನಡೆದುದು ದೂರದಲ್ಲೆಲ್ಲೂ ಅಲ್ಲ. ಕಲ್ಯಾಣ, ಡೊಂಬಿವಲಿಗಳಿಂದ ಲೋಕಲ್ ಗಾಡಿಯಲ್ಲಿ ಹೋಗುವ ನಮ್ಮವರು ದಿನವೂ ದಾಟುವ ಮಸ್ಜಿದ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, 1944ರಲ್ಲಿ.

ಎರಡನೆಯ ಮಹಾಯುದ್ಧದಲ್ಲಿ ಬೆಂಕಿಯೂ ಒಂದು ಆಯುಧವಾಗಿತ್ತು. 1940-41ರಲ್ಲಿ ಜರ್ಮನ್ ವಿಮಾನಗಳು ಲಂಡನ್ನಿನ ಮೇಲೆ ಸುಮಾರು ಒಂದೊಂದು ಕಿಲೋ ತೂಕದ ಬೆಂಕಿಬಾಂಬುಗಳನ್ನು ಸಾವಿರಗಟ್ಟಲೆ ಸುರಿದವು. ಇದ್ದ ದೊಡ್ಡ ಬಂಬುಗಳು ಸಾಲದಾದವು. ಗುಮಾಸ್ತರು, ಅಂಗಡಿಯವರು, ಟ್ಯಾಕ್ಸಿ ಚಾಲಕರು, ಹೆಂಗಸರು ತರಬೇತಿ ಪಡೆದು ಸಹಾಯಕ ದಳ ಸೇರಿದರು. ಎರಡು ಗಾಲಿಯ ಟ್ರೇಲರ್ ಪಂಪುಗಳನ್ನು ಟ್ಯಾಕ್ಸಿಯ ಹಿಂದೆ ಕಟ್ಟಿ ಎಳೆದೊಯ್ದರು. ನೆಲದೊಳಗಿನ ನೀರಿನ ಕೊಳವೆ ಬಾಂಬಿಗೆ ಒಡೆದುಹೋಗುತ್ತಿದ್ದುದರಿಂದ ಬೀದಿಗಳಲ್ಲಿ ನೀರಿನ ತೊಟ್ಟಿಗಳನ್ನು ಕಟ್ಟಿದರು. ಮನೆಮನೆಗೆ ತಲಪಿದ ಸಾಧನವೆಂದರೆ ಸ್ಟಿರಪ್ ಪಂಪು. ಇದರ ಕೊಳವೆಯನ್ನು ಬಕೆಟ್ಟಿನಲ್ಲಿ ಇಳಿಬಿಟ್ಟು, ಹೊರಗಿನ ರಿಕಾಪಿನಂತಹ ಕಬ್ಬಿಣವನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಕೈಯಿಂದ ಒತ್ತಬೇಕು. ಒಬ್ಬ ಒತ್ತುವವ, ಒಬ್ಬ ನೀರು ತರುವವ, ಒಬ್ಬ ಹೋಸು ಹಿಡಿದು ನೆಲಕ್ಕೆ ಬಾಗಿ ಮುಂದೆ ಸಾಗುವವ. ಬಾಗುವುದೇತಕ್ಕೆಂದರೆ, ಹೊಗೆ ಮೇಲೇರುತ್ತದೆ. ನೆಲದ ಬಳಿ ಉಸಿರಾಡುವ ಗಾಳಿ ಉಳಿದಿರುತ್ತದೆ. ಈ ಮಾತು ಇಂದಿಗೂ ಸತ್ಯ.

ನಮ್ಮಲ್ಲಿಯೂ 1942ರಲ್ಲಿ ಜಪಾನೀಯರು ವಿಶಾಖಪಟ್ಟಣ, ಕಲಕತ್ತೆಗಳ ಮೇಲೆ ಬಾಂಬು ಹಾಕಿದ್ದರು. ಮುಂಬಯಿಯಲ್ಲಿಯೂ ಎ.ಆರ್.ಪಿ. ದಳಗಳು ಸಿದ್ಧವಾಗಿದ್ದವು. ಎಲ್ಲರ ಕಣ್ಣೂ ಆಕಾಶದ ಮೇಲಿತ್ತು. ಬೆಂಕಿ ಬಂದದ್ದು ಸಮುದ್ರದ ಕಡೆಯಿಂದ.

'ಫೋರ್ಟ್ ಸ್ಟಿಕೀನ್' ಎಂಬ ಹಡಗು ಇಂಗ್ಲೆಂಡಿನಿಂದ ಹೊರಟು ಕರಾಚಿಯ ಮೂಲಕ ಏಪ್ರಿಲ್ 12ರಂದು ವಿಕ್ಟೋರಿಯಾ ಡಾಕಿಗೆ ಬಂದಿತು. (ಮರಾಠಿಯವರು ಡಾಕಿಗೆ 'ಗೋದಿ' ಎನ್ನುತ್ತಾರೆ. ಹೊಸದಾಗಿ ಬಂದ ನಮ್ಮವರು ಅದನ್ನು ಕಾಳು ಗೋಧಿಯೆಂದು ತಿಳಿದು ನಗೆಪಾಟಲಾಗುವುದುಂಟು.) ಹಡಗಿನಲ್ಲಿ ಸುಮಾರು 1,400 ಟನ್ ಮದ್ದುಗುಂಡು, ಚಿನ್ನದ ಗಟ್ಟಿಗಳು, ಕರಾಚಿಯಲ್ಲಿ ತುಂಬಿದ ಸಾವಿರಾರು ಹತ್ತಿಯ ಬೇಲುಗಳು ಮತ್ತು ಎಣ್ಣೆಯ ಪೀಪಾಯಿಗಳಿದ್ದವು. ಎರಡನೆಯ ಹೋಲ್ಡಿನಲ್ಲಿ ಕೆಳಗೆ ಹತ್ತಿ, ಅದರ ಮೇಲಿನ ಅಂತಸ್ತಿನಲ್ಲಿ ಸ್ಫೋಟಕ! ಅಪಾಯದ ಸರಕಿರುವ ಹಡಗು ಕೆಂಪು ಬಾವುಟ ಹಾರಿಸಬೇಕೆಂಬ ರೂಢಿಯಿತ್ತು. ಯುದ್ಧದ ಕಾಲವಾದುದರಿಂದ ಹಾರಿಸಲಿಲ್ಲ.

14ರ ಶುಕ್ರವಾರ ಮಧ್ಯಾಹ್ನದ ಬಿಡುವಿನಲ್ಲಿ ಸುತ್ತಲಿನ ಹಡಗುಗಳವರು ಇದರಿಂದ ತೆಳುವಾದ ಹೊಗೆ ಏಳುವುದನ್ನು ಕಂಡರು. ಯಾರೋ ಹೇಳಿರುತ್ತಾರೆಂದು ಸುಮ್ಮನಾದರು. ಕೂಲಿಗಳು ಊಟ ಮುಗಿಸಿ ಹೋಲ್ಡಿಗೆ ಇಳಿದಾಗಲೇ ಕೂಗೆದ್ದದ್ದು. ಸ್ಫೋಟಕವಿದೆ, ಹೆಚ್ಚಿನ ಪಂಪು ಬೇಕು ಎಂಬ ವಿಶೇಷ ಸಂದೇಶವನ್ನು ಟೆಲಿಫೋನಿನಲ್ಲಿ ಕಳುಹಲು ಒಬ್ಬ ಓಡಿದ. ಟೆಲಿಫೋನು ಕೈಕೊಟ್ಟಿತು. ಅವನು ಸಮೀಪದ ಅಲಾರಂ ಪೆಟ್ಟಿಗೆಯ ಗಾಜು ಒಡೆದ. ಗಾಜು ಒಡೆದರೆ 'ಬೆಂಕಿ' ಎಂದಷ್ಟೇ ತಿಳಿಯುತ್ತದೆ; ಯಾವ ಬೆಂಕಿ ಎಂದು ತಿಳಿಯುವುದಿಲ್ಲ. ಆದುದರಿಂದ ಸಾಮಾನ್ಯ ಬೆಂಕಿಗೆ ಬರುವ ಎರಡು ಪಂಪುಗಳು ಮಾತ್ರ ಬಂದವು. ಬಂದವರು ಸರಕೇನೆಂದು ತಿಳಿದು ಗಾಬರಿಯಿಂದ ಮತ್ತಷ್ಟನ್ನು ಕರೆಸಿದರು.

ಮುಂದೆ ನಡೆದುದನ್ನು ಓದುವಾಗ ಮನಸ್ಸು ಹಿಂಡುತ್ತದೆ. ಹಡಗಿನೊಳಕ್ಕೆ 900 ಟನ್ನಿಗೂ ಹೆಚ್ಚು ನೀರು ಸುರಿದರು. ಒತ್ತಿ ಕಟ್ಟಿದ ಹತ್ತಿಯ ಬೇಲು ಒಳಗೊಳಗೇ ಉರಿಯುತ್ತದೆ. ಹೊರಗೆ ನೀರು ಬಿದ್ದರೂ ಒಳಗಿನ ಕೆಂಡ ಆರುವುದಿಲ್ಲ. ಮೇಲಾಗಿ ಹತ್ತಿ ತೇಲುತ್ತದೆ. ನೀರು ಏರಿದಂತೆ ಉರಿಯುವ ಹತ್ತಿಯೂ ಏರಿ ಮದ್ದಿನ ಸಮೀಪಕ್ಕೆ ಬಂದಿತು. ಹಡಗನ್ನು ಮುಳುಗಿಸುವುದೇ, ಸಮುದ್ರಕ್ಕೆ ಎಳೆಯುವುದೇ, ಇದ್ದಲ್ಲೇ ಆರಿಸುವುದೇ? ಹಡಗಿನ ಕ್ಯಾಪ್ಟನ್, ಡಾಕಿನ ಅಧಿಕಾರಿ, ಸೈನ್ಯದ ಮದ್ದುಗುಂಡಿನ ಅಧಿಕಾರಿ, ಅಗ್ನಿಶಾಮಕ ದಳದ ಮುಖ್ಯಸ್ಥ ಎಲ್ಲರೂ ಅಲ್ಲಿದ್ದರು. ಎಲ್ಲರಿಗಿಂತ ಮೇಲಾಗಿ ಒಂದು ಮಾತು ಹೇಳುವ ಹಕ್ಕು ಮಾತ್ರ ಯಾರಿಗೂ ಇರಲಿಲ್ಲ.

ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಎರಡು ತುಂಡಾಯಿತು. ಅರ್ಧ ಗಂಟೆ ಕಳೆದು ಎರಡನೆಯ ಸ್ಫೋಟ. ಅಕ್ಕಪಕ್ಕದ ಹಡಗುಗಳು ಮುಳುಗಿದವು, ಚಿನ್ನದ ಗಟ್ಟಿಗಳು ಊರ ಮೇಲೆ ಹಾರಿ ಬಿದ್ದವು, ಉರಿಯುವ ಹತ್ತಿ ಗುಡಿಸಲು ಗೋದಾಮುಗಳನ್ನು ಹೊತ್ತಿಸಿತು. ಬಂಗಾಳದ ಕ್ಷಾಮದ ಮರುವರ್ಷವೇ ಸಾವಿರಾರು ಟನ್ ಧಾನ್ಯ ಸುಟ್ಟು ಬೂದಿಯಾಯಿತು. ಸತ್ತವರ ಲೆಕ್ಕ 800ರಿಂದ 1,300ರವರೆಗೆ ಬೇರೆ ಬೇರೆಯಾಗಿದೆ. ಕೂಲಿಗಳ ಹೆಸರನ್ನು ಆಗ ಸರಿಯಾಗಿ ಬರೆದಿಟ್ಟವರು ಯಾರು? ಅಗ್ನಿಶಾಮಕರ ಲೆಕ್ಕ ಮಾತ್ರ ಖಚಿತ. 66 ಮಂದಿ, ಹೋಸನ್ನು ಕೈಯಲ್ಲಿ ಹಿಡಿದಂತೆಯೇ ಹೋದರು.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ 1956ರಲ್ಲಿ ರಾಮಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜನ್ನು ತೆರೆದು, ಮರುವರ್ಷ ನಾಗಪುರಕ್ಕೆ ಸಾಗಿಸಿತು. ಅದು ಸರಿಯಾದ ಕೆಲಸವೇ. ಆದರೆ ಮಾಹಿತಿ ತಪ್ಪಿದರೆ ಕಲಿತ ವಿದ್ಯೆಯೂ ಕೈಕಟ್ಟಿ ನಿಲ್ಲುತ್ತದೆ. ಡೊಂಬಿವಲಿಯ ಎಂ.ಐ.ಡಿ.ಸಿ.ಯಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ರಾಸಾಯನಿಕ ಕಾರ್ಖಾನೆಗಳು ಸಿಡಿದಾಗ ಬಹುದೂರದ ಮನೆಗಳ ಗಾಜು ಪುಡಿಯಾದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅಂಬರನಾಥದಲ್ಲಿ, ಥಾಣೆ-ಬೇಲಾಪುರ ರಸ್ತೆಯಲ್ಲಿ ಪಾಳಿ ಮಾಡುವ ನಮ್ಮ ತಮ್ಮಂದಿರಿಗೆ ತಮ್ಮ ಶೆಡ್ಡಿನ ಪಕ್ಕದ ಗೋಡೆಯಾಚೆ ಏನಿದೆಯೆಂದು ಗೊತ್ತಿದೆಯೇ? ಸೂಪರ್‌ವೈಸರನ್ನು ಕೇಳಲು ಸಂಕೋಚ ಬೇಡ. ಸೋಡಿಯಂನಂತಹ ಲೋಹಕ್ಕೆ ನೀರು ತಾಕಿದರೆ ಸಿಡಿಯುತ್ತದೆ. ಉರಿಯುವ ಎಣ್ಣೆಗೆ ನೀರು ಹಾಕಿದರೆ ಹರಡುತ್ತದೆ. ಅದಕ್ಕೆ ನೊರೆ ಬೇಕು. ಬರುವವರಿಗೆ ಮೊದಲೇ ತಿಳಿದರೆ ತಕ್ಕ ಬಂಡಿಯನ್ನೇ ತರುತ್ತಾರೆ.

ಟೆಲಿಫೋನು 101, ಇಲ್ಲವೇ 112. ಗಾಬರಿಯಲ್ಲಿ ಕನ್ನಡವೇ ಬಾಯಿಗೆ ಬರುವುದು ಸಹಜ. ಆದುದರಿಂದ 'ಆಗ ಲಾಗಲೀ ಆಹೇ' ಎಂಬ ಮರಾಠಿ ಮಾತನ್ನು ಇಂದೇ ಬಾಯಿಪಾಠ ಮಾಡಿಕೊಳ್ಳಿ. ಅದರಲ್ಲಿನ 'ಆಗ' ಎಂದರೆ ಬೆಂಕಿ. ಬಳಿಕ ಊರು, ರಸ್ತೆ, ಗುರುತಿಗೆ ಹತ್ತಿರದ ದೇವಸ್ಥಾನವೋ ಶಾಲೆಯೋ, ಉರಿಯುತ್ತಿರುವುದು ಬಟ್ಟೆಯೋ ಎಣ್ಣೆಯೋ ರಾಸಾಯನಿಕವೋ, ಒಳಗೆ ಜನರಿದ್ದಾರೆಯೇ. ಅತ್ತಲಿನವರು ಸಾಕೆನ್ನುವವರೆಗೆ ಫೋನು ಇಡಬೇಡಿ. ಒಬ್ಬನನ್ನು ರಸ್ತೆಯ ತಿರುವಿಗೆ ಕಳುಹಿ, ಬಂಬು ಬಂದೊಡನೆ ದಾರಿ ತೋರಲು ನಿಲ್ಲಿಸಿ.